ಗುಂಪು ಕರಗಿದ್ದಕ್ಕೆ ಜನರನ್ನು ದೂರಬೇಡಿ

ಗೌರಿಬಿದನೂರಿನಲ್ಲಿ ನೀವು ಶುರು ಮಾಡಿದ ವಾರದ ಮಾತುಕತೆಗೆ ಮೊದಲು 20 ಜನ ಬಂದರು, ಈಗ 5 ಜನ, ಅದರಲ್ಲೂ ಇಬ್ಬರದೇ ಮಾತು, ಏನು ಮಾಡಲಿ ಎಂದು ಕೇಳಿದ್ದೀರಿ.

ತೊಂದರೆ ವಿಷಯದಲ್ಲಿದೆ. ‘ಸಂಸ್ಕೃತಿ ಮತ್ತು ಸಮಾಜ’ ಅಂದರೆ ಮಾತು ಬಲ್ಲವರು ಭಾಷಣ ಮಾಡುತ್ತಾರೆ, ಉಳಿದವರು ಗಡಿಯಾರ ನೋಡುತ್ತಾರೆ. ಒಂದೇ ಪ್ರಶ್ನೆ ಇಡಿ: 1938ರ ಏಪ್ರಿಲ್ 25ರಂದು ನಿಮ್ಮ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸ್ವಾತಂತ್ರ್ಯ ಹೋರಾಟದ ಧ್ವಜ ಹಾರಿಸಲು ಸೇರಿದ್ದವರ ಮೇಲೆ ಪೊಲೀಸರ ಗೋಲಿಬಾರ್ ಆಯಿತಲ್ಲ, ಧ್ವಜ ಹಾರಿಸಬಾರದು ಎಂದು ಸರ್ಕಾರ ಹೇಳಿದ್ದರೂ ಜನ ಯಾಕೆ ಸೇರಿದರು? ಇದಕ್ಕೆ ಪ್ರತಿ ಮನೆಯಲ್ಲೂ ಅಜ್ಜಿ ಹೇಳಿದ ಒಂದು ತುಣುಕು ಸಿಕ್ಕೀತು.

ಓದಿಕೊಂಡು ಬನ್ನಿ ಅನ್ನಬೇಡಿ, ಯಾರೂ ಓದಿ ಬರಲ್ಲ. ಆ ವಿಷಯದ ಎರಡು ಪುಟ ಜೆರಾಕ್ಸ್ ಮಾಡಿಸಿ, ಮೊದಲ 15 ನಿಮಿಷ ಅಲ್ಲೇ ಸರದಿಯಲ್ಲಿ ಗಟ್ಟಿಯಾಗಿ ಓದಿಸಿ. ಆಮೇಲೆ ಒಂದು ಸುತ್ತು, ತಲಾ ಎರಡು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಚರ್ಚೆ ಅದಾದ ಮೇಲೆ. ಆ ಇಬ್ಬರಲ್ಲಿ ಒಬ್ಬರಿಗೆ ಗಡಿಯಾರ, ಇನ್ನೊಬ್ಬರಿಗೆ ಬರೆದುಕೊಳ್ಳುವ ಕೆಲಸ ಕೊಡಿ. ಬರೆಯುವ ಕೈ ಇದ್ದರೆ ಬಾಯಿ ತಾನಾಗಿ ಕಡಿಮೆಯಾಗುತ್ತದೆ. ತೆಲುಗಲ್ಲಿ ಮಾತಾಡಿದರೆ ತಡೆಯಬೇಡಿ, ನಮ್ಮ ಕಡೆ ಎಷ್ಟೋ ಮನೆಗಳ ನೆನಪು ಇರುವುದೇ ಅದರಲ್ಲಿ.

ಮೈಕು, ವೇದಿಕೆ ಬೇಡ. ಚಾಪೆ ಹಾಸಿ ಸುತ್ತ ಕೂರಿ. 8ರಿಂದ 12 ಜನ ಸಾಕು. ವಾರಕ್ಕೊಮ್ಮೆ ಬದಲು ಹದಿನೈದು ದಿನಕ್ಕೊಮ್ಮೆ, ಸಂಜೆ ಡೇರಿಗೆ ಹಾಲು ಹಾಕಿ ಬರುವಷ್ಟು ಹೊತ್ತು ಬಿಟ್ಟು ಏಳಕ್ಕೆ ಇಡಿ. ಐದೂವರೆಗೆ ಕರೆದರೆ ಹೆಂಗಸರು ಬರುವುದೇ ಇಲ್ಲ.