ಕುತ್ತಿಗೆಯ ಗಂಟಿಗೆ ಸೂಜಿ ಪರೀಕ್ಷೆ ಸಾಕೇ?

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ 24 ವರ್ಷ. ಎಡಗಡೆ ಕೊರಳೆಲುಬಿನ ಮೇಲೆ ಎರಡು ತಿಂಗಳಿಂದ ಒಂದು ಗಂಟಿದೆ. ನೋವಿಲ್ಲ, ಆದರೆ ದೊಡ್ಡದಾಗುತ್ತಿದೆ. ಸಂಜೆ ಜ್ವರ, ರಾತ್ರಿ ಬನಿಯನ್ ಬದಲಿಸುವಷ್ಟು ಬೆವರು. ರಕ್ತಪರೀಕ್ಷೆ ನಾರ್ಮಲ್. ಸೂಜಿ ಹಾಕಿ ನೋಡಿದ ರಿಪೋರ್ಟಿನಲ್ಲಿ ‘ರಿಯಾಕ್ಟಿವ್’ ಎಂದಿದೆ. ಒಬ್ಬರು ಟಿಬಿ ಇರಬಹುದು ಅಂದರು, ಇನ್ನೊಬ್ಬರು ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟರು, ಇನ್ನೂ ಕೊಟ್ಟಿಲ್ಲ. ಗಂಟು ಕೊಯ್ಸಿದರೆ ರೋಗ ಮೈಗೆಲ್ಲ ಹರಡುತ್ತೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಅಮ್ಮಾ, ಈ ವಾರವೇ ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ, ಗಂಟನ್ನು ಇಡಿಯಾಗಿ ತೆಗೆಸಿ ಬಯಾಪ್ಸಿ ಮಾಡಿಸುವ ಬಗ್ಗೆ ಕೇಳಿ. ಮಾತ್ರೆ ಇನ್ನೂ ಕೊಡದಿದ್ದುದು ಒಳ್ಳೆಯದಾಯಿತು. ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಇದ್ದರೆ ಸ್ಟೀರಾಯ್ಡಿಗೆ ಗಂಟು ಕರಗಿದಂತಾಗುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಆಮೇಲೆ ತೆಗೆದ ತುಂಡಿನಲ್ಲಿ ರೋಗ ಗುರುತಿಸುವುದು ನಮಗೆ ಕಷ್ಟವಾಗುತ್ತದೆ. (ಬೇರೆ ಓದುಗರು ಈಗಾಗಲೇ ಸೇವಿಸುತ್ತಿದ್ದರೆ ತಾವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.)

ನಾನು ಪೆಥಾಲಜಿಸ್ಟ್, ದೇಹದಿಂದ ತೆಗೆದ ತುಂಡು, ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಗುರುತಿಸುವುದು ನನ್ನ ಕೆಲಸ. ಸೂಜಿಯಲ್ಲಿ ಬರುವುದು ಬಿಡಿಬಿಡಿ ಕೋಶಗಳು. ಗ್ರಂಥಿಯ ಒಳಗಿನ ರಚನೆ ಕಾಣುವುದಿಲ್ಲ. ಈ ವಯಸ್ಸಿನವರಲ್ಲಿ ನಾವು ಮುಖ್ಯವಾಗಿ ಯೋಚಿಸುವ ಹಾಜ್ಕಿನ್ ಲಿಂಫೋಮಾದಲ್ಲಂತೂ ಗಂಟಿನ ಬಹುಪಾಲು ಸಾಮಾನ್ಯ ಕೋಶಗಳೇ. ರೋಗದ ಗುರುತಾದ ರೀಡ್-ಸ್ಟರ್ನ್‌ಬರ್ಗ್ ಕೋಶ ನೂರಕ್ಕೆ ಒಂದೋ ಎರಡೋ ಇರುತ್ತದೆ: ದೊಡ್ಡ ಕೋಶ, ಒಳಗೆ ಜೋಡಿ ಕೋಶಕೇಂದ್ರ, ಒಂದೊಂದರ ನಡುವೆ ಕೆಂಪಗಿನ ದಪ್ಪ ಚುಕ್ಕೆ. ಗೂಬೆ ನಮ್ಮನ್ನೇ ದಿಟ್ಟಿಸಿದ ಹಾಗೆ ಕಾಣುತ್ತದೆ. ಅದು ಸೂಜಿಗೆ ಸಿಗದಿದ್ದರೆ ರಿಪೋರ್ಟು ‘ರಿಯಾಕ್ಟಿವ್’ (ಸೋಂಕು ಮುಂತಾದ ಕಾರಣಕ್ಕೆ ಊದಿದ ಗ್ರಂಥಿ) ಎಂದೇ ಬರಬಹುದು. ಸಿಕ್ಕರೂ ಕೋಶದ ಮೇಲಿನ ಸಿಡಿ30, ಸಿಡಿ15 ಮುಂತಾದ ಪ್ರೋಟೀನುಗಳನ್ನು ಬಣ್ಣ ಹಿಡಿಸಿ ಗುರುತಿಸುವ ಐಎಚ್‌ಸಿ ಪರೀಕ್ಷೆಗಳಿಂದ ಖಚಿತಪಡಿಸಬೇಕು.

ರಕ್ತ ನಾರ್ಮಲ್ ಎಂಬುದನ್ನು ನಂಬಿ ಕೂರಬೇಡಿ. ಲುಕೇಮಿಯಾ (ರಕ್ತದ ಕ್ಯಾನ್ಸರ್) ಸಾಮಾನ್ಯವಾಗಿ ರಕ್ತಕಣ ಎಣಿಸುವ ಸಿಬಿಸಿಯಲ್ಲೋ ರಕ್ತವನ್ನು ಗಾಜಿಗೆ ಹಚ್ಚಿ ನೋಡುವ ಸ್ಮಿಯರ್‌ನಲ್ಲೋ ಸುಳಿವು ಕೊಡುತ್ತದೆ. ಲಿಂಫೋಮಾ ಗ್ರಂಥಿಯಲ್ಲಿ ಬೆಳೆಯುವಾಗ ರಕ್ತ ಸರಿಯಾಗಿಯೇ ಇರಬಹುದು.

ಹಾಗೆಂದು ಇದು ಕ್ಯಾನ್ಸರೇ ಎಂದು ನಾನು ಹೇಳುತ್ತಿಲ್ಲ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಟಿಬಿಯಲ್ಲೂ ಉಂಟು, ನಮ್ಮಲ್ಲಿ ಟಿಬಿ ಗಂಟು ಬಹಳ. ಆದರೆ ಅಂದಾಜಿನ ಮೇಲೆ ಆರು ತಿಂಗಳ ಟಿಬಿ ಮಾತ್ರೆ ಶುರು ಮಾಡಿ ಕಾಯುವುದಕ್ಕೆ ನನ್ನ ವಿರೋಧವಿದೆ. ಒಂದೇ ಆಪರೇಷನ್ನಿನಲ್ಲಿ ಎರಡನ್ನೂ ನೋಡಬಹುದು. ಅದಕ್ಕೆ ಸರ್ಜನ್‌ಗೆ ಮೊದಲೇ ಹೇಳಿ: ಗಂಟಿನ ಒಂದು ತುಂಡು ಫಾರ್ಮಲಿನ್‌ (ತುಂಡು ಕೆಡದಂತೆ ಇಡುವ ದ್ರಾವಣ) ಹಾಕದೆ ಸಲೈನ್‌ನಲ್ಲಿ ಟಿಬಿ ಕಲ್ಚರ್‌ಗೆ ಹೋಗಲಿ. ಇಡೀ ಗಂಟು ಫಾರ್ಮಲಿನ್‌ಗೆ ಬಿದ್ದರೆ ಟಿಬಿ ಕ್ರಿಮಿಯನ್ನು ಬೆಳೆಸಿ ನೋಡಲು ಆಗುವುದಿಲ್ಲ. ಈ ಸಣ್ಣ ಮಾತನ್ನು ಯಾರೂ ಹೇಳದೆ ಎಷ್ಟೋ ಮನೆಯವರು ಎರಡನೇ ಸಲ ಕೊಯ್ಸಿಕೊಳ್ಳಬೇಕಾಗುತ್ತದೆ.

ಕೊಯ್ದರೆ ಹರಡುತ್ತದೆ ಎಂಬುದು ಸುಳ್ಳು. ನೆಂಟರಿಗೆ ಇದನ್ನು ಓದಿ ಹೇಳಿ.

ರಿಪೋರ್ಟಿನ ಜೊತೆ ಸ್ಲೈಡು ಮತ್ತು ಗಂಟಿನ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ನಿಮ್ಮ ಕೈಗೆ ಸಿಗುವಂತೆ ನೋಡಿಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆ ಆಸ್ಪತ್ರೆಗೋ ಹೋದರೆ ಮೊದಲು ಕೇಳುವುದು ಅವನ್ನೇ. ಲಿಂಫೋಮಾ ಎಂದಾದರೆ ಪೆಟ್-ಸಿಟಿ ಸ್ಕ್ಯಾನ್ ಮಾಡಿ ರೋಗ ಎಲ್ಲೆಲ್ಲಿದೆ, ಯಾವ ಹಂತ ಎಂದು ತಿಳಿಯುತ್ತಾರೆ. ಹಾಜ್ಕಿನ್ ಆದರೆ ಚಿಕಿತ್ಸೆಯಿಂದ ಬಹುತೇಕರು ಪೂರ್ತಿ ಗುಣವಾಗುತ್ತಾರೆ. ಈ ನಡುವೆ ಮಗನಿಗೆ ಮಲಗಿದಾಗ ಉಸಿರು ಕಟ್ಟಿದರೆ, ಮುಖ ಊದಿಕೊಂಡರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅಂದೇ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.