ರೇಡಿಯೋದಲ್ಲಿ ನಮ್ಮ ಕಡೆಯ ಕಾರ್ಯಕ್ರಮ ಕಡಿಮೆ, ಯಾರನ್ನು ಕೇಳುವುದು?

ಶಿರಸಿಯಲ್ಲಿ ಆಕಾಶವಾಣಿ ಹಾಕಿದರೆ ಯಕ್ಷಗಾನ, ಅಡಿಕೆ ತೋಟದ ಮಾತು ಕಡಿಮೆಯಾಗಿ ಬೇರೆ ಕೇಂದ್ರದ್ದೇ ಜಾಸ್ತಿ ಬರುತ್ತದೆ ಅಂದಿರಲ್ಲ, ಅದಕ್ಕೆ ಕಾರಣ ಬಹುಶಃ ಸಿಬ್ಬಂದಿ ಕೊರತೆ. ರೇಡಿಯೋ ಇಟ್ಟುಕೊಳ್ಳಲು ಹಿಂದೆ ಕಟ್ಟುತ್ತಿದ್ದ ಲೈಸೆನ್ಸ್ ಫೀ ಈಗಲೂ ಇದೆಯಾ ಅಂತ ಕೇಳಿದಿರಿ, ಅದು 1985ರಲ್ಲೇ ರದ್ದಾಗಿದೆ. ಈಗ ಆಕಾಶವಾಣಿಯನ್ನು ನಡೆಸುವ ಸಂಸ್ಥೆ ಪ್ರಸಾರ ಭಾರತಿ ನಡೆಯುವುದು ಮುಖ್ಯವಾಗಿ ಕೇಂದ್ರ ಸರ್ಕಾರದ ಅನುದಾನ ಮತ್ತು ಜಾಹೀರಾತಿನ ದುಡ್ಡಲ್ಲಿ. ಅಂದರೆ ನಮ್ಮದೇ ತೆರಿಗೆ ಅಲ್ವಾ, ಕೇಳಬಹುದು.

ಮೊದಲು ಒಂದು ವಾರ ಯಾವ ಹೊತ್ತಿಗೆ ಏನು ಬಂತು ಅಂತ ಬರೆದಿಡಿ. ಆ ಪಟ್ಟಿ ಲಗತ್ತಿಸಿ ಕಾರವಾರ ಕೇಂದ್ರದ ಕಾರ್ಯಕ್ರಮ ಮುಖ್ಯಸ್ಥರಿಗೆ ಪತ್ರ ಹಾಕಿ. ಸುಮ್ನೆ ಬೈದು ಬರೆದರೆ ಪತ್ರ ಮೂಲೆ ಸೇರುತ್ತದೆ, ನನ್ನ ಅನುಭವ ಇದು, ಹಾಗಾಗಿ ಯಾವ ಕಾರ್ಯಕ್ರಮ ಯಾವ ಹೊತ್ತಿಗೆ ಬೇಕು ಅಂತ ಬಿಡಿಸಿ ಹೇಳಿ, ಜೊತೆಗೆ 1990ರ ಪ್ರಸಾರ ಭಾರತಿ ಕಾಯ್ದೆಯ 12ನೇ ಸೆಕ್ಷನ್ ಬರೆಯಿರಿ. ಆಯಾ ಪ್ರದೇಶದ ಭಾಷೆ, ಸಂಸ್ಕೃತಿಗೆ ಸಾಕಷ್ಟು ಜಾಗ ಕೊಡಬೇಕು ಅಂತ ಅದರಲ್ಲೇ ಇದೆ.

ಉತ್ತರ ಬರದಿದ್ದರೆ ಕೇಂದ್ರ ಸರ್ಕಾರದ ಆರ್‌ಟಿಐ (ಮಾಹಿತಿ ಹಕ್ಕು) ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಎರಡೇ ಪ್ರಶ್ನೆ ಸಾಕು: ಕಾರವಾರ ಕೇಂದ್ರದಲ್ಲೇ ತಯಾರಾಗುವ ಕಾರ್ಯಕ್ರಮ ದಿನಕ್ಕೆ ಎಷ್ಟು ಗಂಟೆ, ಖಾಲಿ ಹುದ್ದೆ ಎಷ್ಟು? ಕಡಿಮೆಯಾದ ಕಾರ್ಯಕ್ರಮ ವಾಪಸ್ ಬಂದೇ ಬರುತ್ತದೆ ಅಂತ ಮಾತು ಕೊಡಲಾರೆ. ಆದರೆ ಸಂಸದರ ಹತ್ತಿರ ಹೋಗುವಾಗ ಕೈಯಲ್ಲಿ ಕಾಗದ ಇರುತ್ತದೆ.