ಯಾವ ತಲದ ಮೇಲೆ? ಒಂದು ಲೇಖನವನ್ನು ಹಿಂದಿರುಗಿಸುತ್ತಾ

ನಮಸ್ಕಾರ.

‘ಶಾಫ್ಟ್‌ಗಳ ತಿರುಚುವಿಕೆ: ಸರಳ ಪರಿಚಯ’ ಎಂಬ ನಿಮ್ಮ ಲೇಖನ ತಲುಪಿತು. ಎರಡು ಸಲ ಓದಿದೆ. ವಾಕ್ಯಗಳು ಚಿಕ್ಕವು, ಭಾಷೆ ತಿಳಿಯಾಗಿದೆ. ಟೊಳ್ಳು ಶಾಫ್ಟಿನ (ಯಂತ್ರದಲ್ಲಿ ತಿರುಗುತ್ತಾ ಶಕ್ತಿಯನ್ನು ಸಾಗಿಸುವ ದಂಡದ) ಒಳವ್ಯಾಸ ಹೊರವ್ಯಾಸದ ಅರ್ಧದಷ್ಟಿದ್ದರೆ ತೂಕದಲ್ಲಿ ಕಾಲುಭಾಗ ಉಳಿತಾಯವಾಗುತ್ತದೆ, ತಿರುಚನ್ನು ತಾಳುವ ಶಕ್ತಿಯಲ್ಲಿ ಮಾತ್ರ ಹದಿನಾರರಲ್ಲಿ ಒಂದು ಪಾಲು ಹೋಗುತ್ತದೆ ಎಂದು ತೋರಿಸಿದ ಭಾಗ ಅಚ್ಚುಕಟ್ಟಾಗಿದೆ. ಅದಕ್ಕೆ ನಾನು ಕೈಹಾಕುವುದಿಲ್ಲ. ಆದರೆ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ.

ಕಾರಣ ಎರಡನೆಯ ಪುಟದಲ್ಲಿದೆ. ಅಲ್ಲಿ ಹೀಗೆ ಬರೆದಿದ್ದೀರಿ: “ಒಂದು ಚಾಕ್‌ಪೀಸನ್ನು ಎರಡೂ ಕೈಗಳಲ್ಲಿ ಹಿಡಿದು ತಿರುಚಿ. ಅದು ಪಟ್ಟನೆ ಮುರಿಯುತ್ತದೆ. ತಿರುಚುವಿಕೆಯಿಂದ ಹುಟ್ಟಿದ ಶಿಯರ್ ಸ್ಟ್ರೆಸ್ ಚಾಕನ್ನು ಕತ್ತರಿಸಿತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.”

ಮೊದಲ ವಾಕ್ಯ ಓದಿ ಸಂತೋಷವಾಯಿತು. ಸೂತ್ರಕ್ಕಿಂತ ಮೊದಲು ಓದುಗರ ಕೈಗೆ ಒಂದು ವಸ್ತುವನ್ನು ಕೊಡುವ ಲೇಖಕರು ಅಪರೂಪ. ಎರಡನೆಯ ವಾಕ್ಯಕ್ಕೂ ತಕರಾರಿಲ್ಲ. ಮೂರನೆಯದನ್ನು ಓದಿದ ಮೇಲೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ನೀವು ಚಾಕನ್ನು ಮುರಿದಿದ್ದೀರಿ, ಮುರಿದ ತುಂಡನ್ನು ನೋಡಿಲ್ಲ. ನೋಡಿದ್ದರೆ ಈ ವಾಕ್ಯ ನಿಮ್ಮ ಪೆನ್ನಿನಿಂದ ಬರುತ್ತಲೇ ಇರಲಿಲ್ಲ.

ಇನ್ನೊಂದು ಚಾಕ್ ತೆಗೆದುಕೊಳ್ಳಿ. ಬಾಗಿಸದೆ, ತಿರುಚಿಯಷ್ಟೇ ಮುರಿಯಿರಿ. ಮುರಿದ ಮುಖ ಅಡ್ಡಲಾಗಿ ಚಪ್ಪಟೆಯಾಗಿರುವುದಿಲ್ಲ. ಅಕ್ಷಕ್ಕೆ ಸುಮಾರು 45 ಡಿಗ್ರಿ ಓರೆಯಾಗಿ, ಚಾಕಿನ ಮೈ ಸುತ್ತ ಸುರುಳಿಯಂತೆ ಹೋಗಿರುತ್ತದೆ. ಮತ್ತೊಂದನ್ನು ಎದುರು ದಿಕ್ಕಿಗೆ ತಿರುಚಿ. ಸುರುಳಿಯೂ ಎದುರು ದಿಕ್ಕಿಗೆ ಹೊರಳಿರುತ್ತದೆ. ಈ ಎರಡು ತುಂಡುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದ ಯಾರೂ ಚಾಕ್ ‘ಕತ್ತರಿಸಿಹೋಯಿತು’ ಎಂದು ಬರೆಯಲಾರರು.

ನಡೆದದ್ದು ಇಷ್ಟು. ತಲ ಎಂದರೆ ವಸ್ತುವಿನೊಳಗೆ ಕಲ್ಪಿಸಿಕೊಂಡ ಒಂದು ಕೊಯ್ತ; ಸ್ಟ್ರೆಸ್ ಎಂದರೆ ಆ ತಲದ ಏಕಮಾನ ವಿಸ್ತೀರ್ಣದ ಮೇಲಿನ ಬಲ; ತಲದ ಮೈಗುಂಟ ಜಾರಿಸುವ ಸ್ಟ್ರೆಸ್ಸೇ ಶಿಯರ್. ತಿರುಚಿದಾಗ ಚಾಕಿನ ಅಡ್ಡ ತಲದ ಮೇಲೆ ಇರುವುದು ಶಿಯರ್ ಮಾತ್ರ. ಅಷ್ಟನ್ನು ನೀವು ಸರಿಯಾಗಿಯೇ ಹೇಳಿದ್ದೀರಿ. ಆದರೆ ಅದೇ ಬಿಂದುವಿನಲ್ಲಿ 45 ಡಿಗ್ರಿ ಓರೆಯಾದ ತಲವನ್ನು ಕಲ್ಪಿಸಿಕೊಂಡರೆ ಅಲ್ಲಿ ಶಿಯರ್ ಸೊನ್ನೆ, ಅಷ್ಟೇ ಪ್ರಮಾಣದ ಶುದ್ಧ ಎಳೆತ ಇರುತ್ತದೆ. ಅದಕ್ಕೆ ಲಂಬವಾದ ಇನ್ನೊಂದು ಓರೆ ತಲದ ಮೇಲೆ ಅಷ್ಟೇ ಒತ್ತು. ಚಾಕ್ ಒತ್ತನ್ನು ತಾಳಿಕೊಳ್ಳುತ್ತದೆ, ಎಳೆತಕ್ಕೆ ಸೋಲುತ್ತದೆ. ಆದ್ದರಿಂದ ಅದು ಎಳೆತ ಇರುವ ಓರೆಯಲ್ಲೇ ಬಾಯಿಬಿಟ್ಟಿತು. ಬೀಡುಕಬ್ಬಿಣದ್ದೂ ಇದೇ ಕಥೆ. ಮೆದು ಉಕ್ಕು ಹಾಗಲ್ಲ, ಅದರ ದೌರ್ಬಲ್ಯ ಶಿಯರ್. ಅಡ್ಡ ತಲದಲ್ಲೇ ಚಪ್ಪಟೆಯಾಗಿ ತುಂಡಾಗುತ್ತದೆ. ಮರದ ಕೋಲಾದರೆ ನಾರಿನ ಗುಂಟ ಉದ್ದಕ್ಕೆ ಸೀಳುತ್ತದೆ, ಏಕೆಂದರೆ ಅಡ್ಡ ತಲದಲ್ಲಿ ಎಷ್ಟು ಶಿಯರ್ ಇದೆಯೋ ಅಷ್ಟೇ ಶಿಯರ್ ಉದ್ದದ ತಲದಲ್ಲೂ ಇರಲೇಬೇಕು, ಮತ್ತು ಮರ ಆ ದಿಕ್ಕಿನಲ್ಲಿ ದುರ್ಬಲ. ಒಂದೇ ತಿರುಚು, ಮೂರು ವಸ್ತು, ಮೂರು ಬೇರೆ ಬೇರೆ ತಲಗಳಲ್ಲಿ ಮುರಿತ. ಲೇಖನಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೆ? ಅದು ನಿಮ್ಮ ಕೈಯಲ್ಲೇ ಇತ್ತು. ನೀವು ಅದನ್ನು ಕಸದ ಬುಟ್ಟಿಗೆ ಹಾಕಿ ಸೂತ್ರದ ಕಡೆಗೆ ಓಡಿದಿರಿ.

ನಾನು ಬರೆಯಲು ಕಲಿತದ್ದು ಪತ್ರಿಕೆಯಲ್ಲಲ್ಲ, ಲೋಹ ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ವರದಿ ಸಿದ್ಧಪಡಿಸುತ್ತಾ. ಅಲ್ಲಿದ್ದ ಹಿರಿಯರು ಹೊಸಬರಿಗೆ ಮೊದಲು ಕ್ಯಾಲ್ಕುಲೇಟರನ್ನು ಕೊಡುತ್ತಿರಲಿಲ್ಲ; ಮುರಿದ ತುಂಡುಗಳು ತುಂಬಿದ ಒಂದು ತಟ್ಟೆಯನ್ನು ಮುಂದಿಡುತ್ತಿದ್ದರು. ತುಂಡುಗಳ ಮೇಲೆ ಚೀಟಿ ಇರುತ್ತಿರಲಿಲ್ಲ. ಯಾವುದು ಎಳೆದು ಮುರಿದದ್ದು, ಯಾವುದು ತಿರುಚಿ ಮುರಿದದ್ದು, ಯಾವುದು ಬಾಗಿಸಿ ಮುರಿದದ್ದು ಎಂದು ಮುಖ ನೋಡಿಯೇ ಬೇರ್ಪಡಿಸಬೇಕು. ಮೆದು ಉಕ್ಕಿನ ಸರಳಿನ ಉದ್ದಕ್ಕೆ ಒಂದು ನೇರ ಗೆರೆ ಎಳೆದು ಯಂತ್ರಕ್ಕೆ ಕೊಡುತ್ತಿದ್ದೆವು. ಸರಳು ಮುರಿಯುವ ಹೊತ್ತಿಗೆ ಆ ಗೆರೆ ಹಗ್ಗದ ಹುರಿಯಂತೆ ಹಲವು ಸುತ್ತು ಸುತ್ತಿಕೊಂಡಿರುತ್ತಿತ್ತು, ಆದರೂ ಮುರಿದ ಮುಖ ಮಾತ್ರ ಗರಗಸದಲ್ಲಿ ಕೊಯ್ದಷ್ಟು ಚಪ್ಪಟೆ. ಬೀಡುಕಬ್ಬಿಣದ ಸರಳಿನಲ್ಲಿ ಗೆರೆ ಹೆಚ್ಚುಕಡಿಮೆ ನೇರವಾಗಿಯೇ ಉಳಿದಿರುತ್ತಿತ್ತು, ಮುರಿತ ಸುರುಳಿ. ತಟ್ಟೆಯ ಪರೀಕ್ಷೆ ಮುಗಿದ ಮೇಲೆ ವರದಿಯ ಸರದಿ. ಯಾರೇ ‘ಸ್ಟ್ರೆಸ್ ಇಷ್ಟು’ ಎಂದು ಬರೆದು ಕೊಟ್ಟರೂ ಹಿರಿಯರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಯಾವ ತಲದ ಮೇಲೆ?’ ಎಂದು ಗೀಚುತ್ತಿದ್ದರು. ಬೇರೆ ಟಿಪ್ಪಣಿ ಬರೆದದ್ದನ್ನು ನಾನು ಕಂಡಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಅದೇ ಶಾಯಿಯನ್ನು ಈಗ ನಿಮ್ಮ ನಾಲ್ಕನೆಯ ಪುಟದ ಮೇಲೆ ಸುರಿಯಬೇಕಾಗಿದೆ. ಬಾಗುವಿಕೆ, ತಿರುಚುವಿಕೆ ಎರಡೂ ಇರುವ 50 ಮಿಲಿಮೀಟರ್ ವ್ಯಾಸದ ಶಾಫ್ಟಿನ ಲೆಕ್ಕ ಅದು (ಮೆಗಾಪ್ಯಾಸ್ಕಲ್ ಎಂಬುದು ಸ್ಟ್ರೆಸ್ಸಿನ ಅಳತೆ). “ಬಾಗುವಿಕೆಯಿಂದ 60 ಮೆಗಾಪ್ಯಾಸ್ಕಲ್, ತಿರುಚುವಿಕೆಯಿಂದ 40 ಮೆಗಾಪ್ಯಾಸ್ಕಲ್. ಆದ್ದರಿಂದ ಶಾಫ್ಟಿನ ಮೇಲಿನ ಒಟ್ಟು ಸ್ಟ್ರೆಸ್ 100 ಮೆಗಾಪ್ಯಾಸ್ಕಲ್. ಉಕ್ಕು 250ರವರೆಗೆ ತಾಳುವುದರಿಂದ ನಮ್ಮ ಶಾಫ್ಟಿನ ಸುರಕ್ಷಾ ಪ್ರಮಾಣ ಎರಡೂವರೆ.”

‘ಶಾಫ್ಟಿನ ಮೇಲಿನ’ ಎಂದಿರಿ. ಶಾಫ್ಟಿನ ಯಾವ ಬಿಂದುವಿನಲ್ಲಿ? ಬಾಗಿದ ಶಾಫ್ಟಿನ ಒಂದು ಬದಿಯಲ್ಲಿ ಎಳೆತ, ಎದುರು ಬದಿಯಲ್ಲಿ ಒತ್ತು, ನಡುಮಟ್ಟದಲ್ಲಿ ಬಾಗುವಿಕೆಯ ಪಾಲು ಸೊನ್ನೆ. 60 ಎಂಬ ಅಂಕಿ ಹೊರಮೈಯ ಎರಡು ಕಡೆ ಮಾತ್ರ ಸತ್ಯ. ‘ಒಟ್ಟು’ ಎಂದಿರಿ. 60 ಎಂಬುದು ತಲಕ್ಕೆ ಲಂಬವಾಗಿ ಎಳೆಯುವಂಥದು, 40 ಎಂಬುದು ತಲದ ಮೈಗುಂಟ ಜಾರಿಸುವಂಥದು. ಎತ್ತು ಏರಿಗೆಳೆದು ಕೋಣ ನೀರಿಗೆಳೆಯುವಾಗ ಎರಡರ ಬಲವನ್ನು ಕೂಡಿಸಿ ಗಾಡಿಯ ವೇಗ ಹೇಳುವವರುಂಟೆ? ಇನ್ನು ‘ಆದ್ದರಿಂದ’. ಇಡೀ ಪ್ಯಾರಾದಲ್ಲಿ ನನ್ನನ್ನು ಹೆಚ್ಚು ಕೆಣಕಿದ ಪದ ಇದೇ. ಯಾವುದರಿಂದ?

ವಿಚಿತ್ರವೆಂದರೆ ಒಂದು ಪುಟ ಹಿಂದೆ ನೀವೇ ಮೋರ್ ವೃತ್ತವನ್ನು (ಒಂದು ಬಿಂದುವಿನ ಬೇರೆ ಬೇರೆ ತಲಗಳ ಮೇಲಿನ ಸ್ಟ್ರೆಸ್ ತೋರಿಸುವ ಚಿತ್ರವನ್ನು) ಬಿಡಿಸಿದ್ದೀರಿ, ಅದೂ ಸರಿಯಾಗಿ. 1882ರಲ್ಲಿ ಜರ್ಮನ್ ಎಂಜಿನಿಯರ್ ಒಟ್ಟೊ ಮೋರ್ ಆ ವೃತ್ತವನ್ನು ಕೊಟ್ಟದ್ದು ಇಂಥ ಲೆಕ್ಕಕ್ಕೇ. ನಿಮ್ಮ ಅಂಕಿಗಳನ್ನೇ ಅದರಲ್ಲಿ ಹಾಕಿ. ಕೇಂದ್ರ 60ರ ಅರ್ಧ, ಅಂದರೆ 30ರಲ್ಲಿ. ತ್ರಿಜ್ಯ 30 ಮತ್ತು 40ರ ವರ್ಗಗಳ ಮೊತ್ತದ ವರ್ಗಮೂಲ, ಅಂದರೆ 50. ಆದ್ದರಿಂದ (ಇಲ್ಲಿ ಈ ಪದಕ್ಕೆ ಹಕ್ಕಿದೆ) ಗರಿಷ್ಠ ಎಳೆತ 80, ಅದಕ್ಕೆ ಲಂಬವಾದ ದಿಕ್ಕಿನಲ್ಲಿ 20ರಷ್ಟು ಒತ್ತು, ಗರಿಷ್ಠ ಶಿಯರ್ 50. ಆ 80ರ ಎಳೆತ ಶಾಫ್ಟಿನ ಅಕ್ಷದ ದಿಕ್ಕಿನಲ್ಲಿಲ್ಲ, ಅಕ್ಷಕ್ಕೆ 26.6 ಡಿಗ್ರಿ ಓರೆಯಲ್ಲಿದೆ. ಬಾಗುವಿಕೆ ಇಲ್ಲದಿದ್ದರೆ ಅದು 45 ಡಿಗ್ರಿಗೆ ಹೋಗುತ್ತದೆ, ಅಂದರೆ ನಿಮ್ಮ ಚಾಕಿಗೆ. ತಿರುಚು ಇಲ್ಲದಿದ್ದರೆ ಸೊನ್ನೆಗೆ ಬರುತ್ತದೆ. ಎರಡನೆಯ ಪುಟವೂ ನಾಲ್ಕನೆಯ ಪುಟವೂ ಒಂದೇ ವಿಷಯ ಎಂಬುದು ನಿಮಗೆ ಹೊಳೆಯಬೇಕಾದ ಜಾಗ ಇದಾಗಿತ್ತು.

ಈಗ ನಿಮ್ಮ ದುರದೃಷ್ಟದ ಮಾತು. ಮೆದು ಉಕ್ಕಿಗೆ ಟ್ರೆಸ್ಕಾ ನಿಯಮ (ಗರಿಷ್ಠ ಶಿಯರ್ ಮಿತಿ ಮೀರಿದಾಗ ವಸ್ತು ಸೋಲುತ್ತದೆ ಎಂಬ ನಿಯಮ) ಹಿಡಿದರೆ ಗರಿಷ್ಠ ಶಿಯರಿನ ಎರಡರಷ್ಟನ್ನು 250ರ ಜೊತೆ ಹೋಲಿಸಬೇಕು. 50ರ ಎರಡರಷ್ಟು 100. ಸುರಕ್ಷಾ ಪ್ರಮಾಣ ಎರಡೂವರೆ! ತಪ್ಪು ದಾರಿಯಲ್ಲಿ ನಡೆದು ಸರಿಯಾದ ಮನೆಗೆ ಬಂದಿದ್ದೀರಿ, ಹಾಗಾಗಿ ನಿಮಗೆ ಅನುಮಾನವೇ ಬಂದಿಲ್ಲ. ಶಿಯರ್ ಸ್ಟ್ರೆಸ್ ಬಾಗುವಿಕೆಯ ಸ್ಟ್ರೆಸ್ಸಿನ ಸರಿಯಾಗಿ ಮೂರನೇ ಎರಡರಷ್ಟಿದ್ದಾಗ ಮಾತ್ರ ಈ ಕಾಕತಾಳೀಯ ನಡೆಯುತ್ತದೆ. ತಿರುಚನ್ನು 80ಕ್ಕೆ ಏರಿಸಿ ನೋಡಿ. ನಿಮ್ಮ ಕೂಡಿಕೆಯಲ್ಲಿ 140, ಪ್ರಮಾಣ ಹೆಚ್ಚುಕಡಿಮೆ 1.8. ಟ್ರೆಸ್ಕಾ ಪ್ರಕಾರ 171, ಪ್ರಮಾಣ 1.5ಕ್ಕೂ ಕೆಳಗೆ. ಅಷ್ಟು ಕಟ್ಟುನಿಟ್ಟಲ್ಲದ ಮಿಸೆಸ್ ನಿಯಮ ಹಿಡಿದರೂ 151. ತಿರುಚು ಮೇಲುಗೈ ಪಡೆಯುವ ಶಾಫ್ಟುಗಳಲ್ಲಿ ನಿಮ್ಮ ವಿಧಾನ ಅಪಾಯವನ್ನು ಕಡಿಮೆ ಮಾಡಿ ತೋರಿಸುತ್ತದೆ. ಬಾಗುವಿಕೆ ಹೆಚ್ಚಿದ್ದರೆ ಉಲ್ಟಾ: 120 ಮತ್ತು 25ಕ್ಕೆ ನೀವು 145 ಎನ್ನುತ್ತೀರಿ, ಟ್ರೆಸ್ಕಾ 130 ಎನ್ನುತ್ತದೆ. ಶಾಫ್ಟ್ ಬೀಡುಕಬ್ಬಿಣದ್ದಾಗಿದ್ದರೆ ಮೊದಲ ಉದಾಹರಣೆಯಲ್ಲಿ ನೋಡಬೇಕಾದದ್ದು 100 ಅಲ್ಲವೇ ಅಲ್ಲ, 80ರ ಎಳೆತ.

ಇನ್ನೊಂದು ವಾಕ್ಯವನ್ನು ಹೊಡೆದುಹಾಕಿದ್ದೇನೆ: “ಚೌಕಾಕಾರದ ಶಾಫ್ಟಿಗೂ ಇದೇ ಸೂತ್ರ ಅನ್ವಯಿಸುತ್ತದೆ; ಕೇಂದ್ರದಿಂದ ದೂರವಿರುವ ಮೂಲೆಗಳಲ್ಲಿ ಸ್ಟ್ರೆಸ್ ಅತಿ ಹೆಚ್ಚು.” ಚೌಕದ ಮೂಲೆಯಲ್ಲಿ ಶಿಯರ್ ಸೊನ್ನೆ, ಗರಿಷ್ಠ ಇರುವುದು ಬದಿಗಳ ನಡುವೆ. 19ನೆಯ ಶತಮಾನದ ನಡುಭಾಗದಲ್ಲೇ ಫ್ರೆಂಚ್ ಎಂಜಿನಿಯರ್ ಸೇಂಟ್ ವೆನಾಂಟ್ ಇದನ್ನು ಬಗೆಹರಿಸಿದ್ದಾನೆ. ಅವನ ಗಣಿತ ಬೇಡದಿದ್ದರೆ ಮೂಲೆಗೆ ಸೇರುವ ಎರಡು ಹೊರಮೈಗಳನ್ನು ನೋಡಿ: ಎರಡರ ಮೇಲೂ ಹೊರಗಿನಿಂದ ಯಾವ ಶಿಯರೂ ಇಲ್ಲ. ಉದ್ದದ ತಲದ ಶಿಯರ್ ಮತ್ತು ಅಡ್ಡ ತಲದ ಶಿಯರ್ ಸಮವಾಗಿರಬೇಕಾದ್ದರಿಂದ ಮೂಲೆಯಲ್ಲಿ ಒಳಗೂ ಇರಲು ಸಾಧ್ಯವಿಲ್ಲ.

ಕುಲೋಂಬ್‌ನ ಪ್ಯಾರಾ, ಶಕ್ತಿ ಮತ್ತು ವೇಗದ ಕೋಷ್ಟಕ, ಕೊನೆಯ ಪುಟದ ಚಿತ್ರಗಳ ಬಗ್ಗೆ ಏನೂ ಹೇಳುವುದಿಲ್ಲ; ಅವು ಹಾಗೆಯೇ ಇರಲಿ. ಶಾಫ್ಟ್ ಸುತ್ತುವಾಗ ಹೊರಮೈಯ ಅದೇ ಬಿಂದು ಪ್ರತಿ ಸುತ್ತಿಗೂ ಎಳೆತದಿಂದ ಒತ್ತಿಗೆ ಹೊರಳುವುದನ್ನೂ ಅದರಿಂದ ಬರುವ ಫ್ಯಾಟಿಗ್ ಮುರಿತವನ್ನೂ ಈ ಲೇಖನದೊಳಗೆ ತುರುಕಬೇಡಿ. ಅದಕ್ಕೆ ಬೇರೆ ಲೇಖನ ಬೇಕು.

ಎರಡು ಮತ್ತು ನಾಲ್ಕನೆಯ ಪುಟಗಳನ್ನು ಮತ್ತೆ ಬರೆದು ಕಳುಹಿಸಿ. ಸ್ಟ್ರೆಸ್ ಎಂಬ ಪದ ಬಂದ ಕಡೆಯೆಲ್ಲ ಬಿಂದು ಯಾವುದು, ತಲ ಯಾವುದು ಎಂದು ಓದುಗರಿಗೆ ಗೊತ್ತಾಗಬೇಕು. ಜೊತೆಗೆ ಎರಡೂ ದಿಕ್ಕಿಗೆ ತಿರುಚಿ ಮುರಿದ ಚಾಕ್‌ಪೀಸುಗಳ ಫೋಟೊ ಇರಲಿ, ಮುರಿದ ಮುಖ ಕ್ಯಾಮೆರಾದ ಕಡೆಗಿರಲಿ. ಅಂತರ್ಜಾಲದಿಂದ ಇಳಿಸಿಕೊಂಡದ್ದು ಬೇಡ, ನೀವೇ ಮುರಿದದ್ದಾಗಿರಬೇಕು.

ಸಂಪಾದಕ